ಕಾದ ಮೇಲೆ ಇಳಿಯುವ ಸುರ

ತಿಕೋಟಾ
18 ನವೆಂಬರ್ 2024

ಈರಯ್ಯನವರಿಗೆ ಜೈಭೀಮ್.

ನಾನು ಸತ್ಯವ್ವ, ತಿಕೋಟಾದ ಧರ್ಮರಾಜ ಮಾಸ್ತರರ ಮನೆಯವಳು. ಅಂಗನವಾಡಿ ಶಿಕ್ಷಕಿಯಾಗಿದ್ದೆ, ಈಗ ನಿವೃತ್ತಳು. ನಮ್ಮ ಮಗಳು ಮೇಘಾ ಸ್ಟೇಷನ್ ರಸ್ತೆಯ ನಿಮ್ಮ ರಿಪೇರಿ ಅಂಗಡಿಗೆ ಫೋನು ಮಾಡಿದಾಗ, ಒಂದು ಕಿವಿ ಕೇಳುವುದಿಲ್ಲ, ಇನ್ನೊಂದು ಮನಸ್ಸಿದ್ದಾಗ ಕೇಳುತ್ತದೆ, ಏನಿದ್ದರೂ ಬರೆದು ಕಳಿಸಿ ಎಂದಿರಂತೆ. ಅದಕ್ಕೇ ಈ ಪತ್ರ. ನಮ್ಮವರಿಗೆ ಕಣ್ಣು ಪೂರ್ತಿ ಹೋಗಿವೆ. ಅವರು ಹೇಳಿದ್ದನ್ನು ನಾನು ಬರೆಯುತ್ತೇನೆ, ನೀವು ಬರೆದದ್ದನ್ನು ಅವರಿಗೆ ಓದಿ ಹೇಳುತ್ತೇನೆ.

ಬಸ್ಸಿನ ಕಂಡಕ್ಟರ್ ಮಲಂಗಸಾಬರ ಕೈಯಲ್ಲಿ ಕಳಿಸುತ್ತಿರುವುದು ಜಪಾನಿನ ಹಳೆಯ ಸಿಂಥಸೈಜರ್. ಊರಮಂದಿ ಅದನ್ನು ಕರೆಂಟ್ ಪೇಟಿ ಅನ್ನುತ್ತಿದ್ದರು. ನಮ್ಮವರು 1986ರಲ್ಲಿ ಸೊಲ್ಲಾಪುರದ ಒಂದು ಆರ್ಕೆಸ್ಟ್ರಾದವರಿಂದ ಕೊಂಡು ತಂದರು. ಆಮೇಲೆ ಹತ್ತು ಹನ್ನೆರಡು ವರ್ಷ ಸುತ್ತಲಿನ ಊರುಗಳಲ್ಲಿ ಅಂಬೇಡ್ಕರ್ ಜಯಂತಿಗೆ, ಬುದ್ಧ ಪೂರ್ಣಿಮೆಗೆ ಇದರ ಮೇಲೆಯೇ ಕಾರ್ಯಕ್ರಮ ಮಾಡಿದರು. ಹಾಡಿನ ಪಾರ್ಟಿ ಒಡೆದ ಮೇಲೆ ಪೇಟಿ ಮಂಚದ ಕೆಳಗೆ ಸೇರಿತು. ಈಗ ಊರಿನ ಹುಡುಗರು, ಬರುವ ಏಪ್ರಿಲ್ ಜಯಂತಿಗೆ ಮಾಸ್ತರು ಒಮ್ಮೆ ನುಡಿಸಲೇಬೇಕೆಂದು ಹಟ ಹಿಡಿದಿದ್ದಾರೆ. ನಮ್ಮವರಿಗೂ ಅದೇ ಆಸೆ. ಆ ಮಾತು ಹುಟ್ಟಿದಾಗಿನಿಂದ ಒಂದು ರೊಟ್ಟಿ ಹೆಚ್ಚಿಗೆ ಉಣ್ಣುತ್ತಿದ್ದಾರೆ.

ಆದರೆ ಒಂದೊಂದು ಹಾಡಿಗೆ ಒಂದೊಂದು ದನಿ. ಒಂದು ದನಿ ಹಚ್ಚಲು ಆರೇಳು ನಾಬು ತಿರುವಬೇಕು. ಕಣ್ಣಿಲ್ಲದೆ ಅದು ಆಗುವ ಮಾತಲ್ಲ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ಒಂದ ಬಟನ್ ಒತ್ತಿದ್ರ ಕೊಳಲು, ಇನ್ನೊಂದ ಒತ್ತಿದ್ರ ಸನಾದಿ, ಹಂಗ ಮಾಡಿ ಕೊಡ್ರಿ. ಬಟನ್ ಮ್ಯಾಲ ಬೆರಳಿಗೆ ಸಿಗೂವಂಥಾ ಗುರುತ ಇರ್ಲಿ. ಆದ್ರ ಒಳಗಿನ ದನಿ ಮಾತ್ರ ಹಳೇದ ಇರಬೇಕು. ಹೊಸಾ ಡಬ್ಬಿ ನನಗ ಬ್ಯಾಡ.”

ಸತ್ಯವ್ವ

ವಿಜಯಪುರ
30 ನವೆಂಬರ್ 2024

ಸತ್ಯವ್ವ ಅಕ್ಕನವರಿಗೂ ಧರ್ಮರಾಜ ಮಾಸ್ತರರಿಗೂ ಶರಣು.

ಪೇಟಿ ಸುಖವಾಗಿ ಬಂತು. ಮಲಂಗಸಾಬರು ಅದನ್ನು ಬಸ್ಸಿನ ಮೇಲೆ ಹಾಕಲಿಲ್ಲ. ತಮ್ಮ ಸೀಟನ್ನು ಅದಕ್ಕೆ ಕೊಟ್ಟು, ತಾವು ವಿಜಯಪುರದವರೆಗೆ ನಿಂತು ಬಂದರಂತೆ. “ಮಾಸ್ತರ ಮಾಲು, ಹುಷಾರಿ” ಎಂದು ನನಗೇ ಬುದ್ಧಿ ಹೇಳಿ ಹೋದರು.

ಬಿಚ್ಚಿ ನೋಡಿದೆ. ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿ, ಸಂಸಾರ ಮಾಡಿ, ಬಿಟ್ಟು ಹೋಗಿದೆ. ಕರೆಂಟಿನ ಭಾಗ ಸತ್ತಿದೆ, ಕೀಲಿಗಳ ಕೆಳಗಿನ ತಗಡು ಕಪ್ಪಾಗಿದೆ. ಇವೆಲ್ಲ ಹೊಸದಾಗಿ ಬರುತ್ತವೆ. ದನಿ ಹುಟ್ಟಿಸುವ ಭಾಗ ಮಾತ್ರ ಗಟ್ಟಿಯಾಗಿದೆ. ಅದನ್ನು ನಾನು ಮುಟ್ಟುವುದಿಲ್ಲ.

ಮಾಸ್ತರು ಕೇಳಿದಂತೆ ಮಾಡಲು ಒಳಗೆ ಅಂಗೈಯಗಲದ ಒಂದು ಡಿಜಿಟಲ್ ಕಾರ್ಡ್ ಕೂರಿಸುತ್ತೇನೆ. ದನಿ ಹಳೆಯ ಮಶೀನಿನದೇ. ನಾಬು ಎಷ್ಟೆಷ್ಟು ತಿರುಗಿರಬೇಕು ಎಂಬುದನ್ನು ನೆನಪಿಟ್ಟು ತಿರುವುವ ಕೆಲಸ ಮಾತ್ರ ಕಾರ್ಡಿನದು. ಬಟನ್ನಿಗೆ ಬೆಸುಗೆಯ ಹನಿ ಇಟ್ಟು ಗುರುತು ಮಾಡುತ್ತೇನೆ, ಕೊಳಲಿಗೆ ಒಂದು, ಸನಾದಿಗೆ ಎರಡು. ಇದಕ್ಕಾಗಿ ಹಿಂದಿನ ತಗಡಿಗೆ ಎರಡು ತೂತು ಕೊರೆಯಬೇಕು. ಮಾಸ್ತರರ ಒಪ್ಪಿಗೆಯಿಲ್ಲದೆ ಕೊರೆಯುವುದಿಲ್ಲ.

ಪಾರ್ಟಿಯಲ್ಲಿ ಇನ್ನೇನೇನು ವಾದ್ಯ ಇದ್ದವು, ಹಾಡುವವರು ಯಾರು ಎಂದು ಬರೆದರೆ ದನಿ ಹೊಂದಿಸಲು ಅನುಕೂಲ.

ಈರಯ್ಯ

ತಿಕೋಟಾ
9 ಡಿಸೆಂಬರ್ 2024

ಈರಯ್ಯನವರಿಗೆ ಜೈಭೀಮ್.

ತೂತಿನ ವಿಷಯಕ್ಕೆ ಎರಡು ದಿನ ಮುನಿಸಿಕೊಂಡು, ಮೂರನೆಯ ದಿನ ಒಪ್ಪಿದರು. “ನನ್ನ ಕಣ್ಣಿಗೂ ಎರಡ ಸಲ ತೂತ ಕೊರದಾರ, ಏನ ಬಂತು? ಪೇಟಿಗಾದ್ರೂ ಛಲೋ ಆಗ್ಲಿ” ಎಂದರು. ನಗಬೇಕೋ ಬೇಡವೋ ತಿಳಿಯಲಿಲ್ಲ.

ಪಾರ್ಟಿಯಲ್ಲಿ ಢೋಲಕಿ ಇತ್ತು. ತುಕಾರಾಮ ಎಂಬವರ ಬೆಂಜೋ ಇತ್ತು. ಶುರುವಾಗುವ ಮೊದಲು ತುಕಾರಾಮ ಬೆಂಜೋದ ತಂತಿಗಳನ್ನು ಪೇಟಿಗೆ ಸರಿಯಾಗಿ ಹಚ್ಚಿಕೊಳ್ಳುತ್ತಿದ್ದರು. ಹಾಡಲು ಒಬ್ಬ ಹೆಣ್ಣುಮಗಳಿದ್ದಳು, ನಡುವೆ ಬಿಟ್ಟಳು. ಆಮೇಲೆ ಬೇರೆಯವರು ಬಂದರು.

ನಮ್ಮವರು ಇದನ್ನೂ ಸೇರಿಸು ಎನ್ನುತ್ತಿದ್ದಾರೆ: “ಪಾರ್ಟ್ಯಾಗ ಎಲ್ಲಾರೂ ತಪ್ಪ್ಯಾರ, ಮಶೀನ್ ಒಂದ ದಿನಾ ತಪ್ಪಿಲ್ಲ. ಅದರ ಗುಣಾ ಕೆಡಸಬ್ಯಾಡ್ರಿ.”

ಸತ್ಯವ್ವ

ವಿಜಯಪುರ
3 ಜನವರಿ 2025

ಅಕ್ಕನವರಿಗೂ ಮಾಸ್ತರರಿಗೂ ಶರಣು.

ಕಾರ್ಡ್ ಕೂತಿದೆ. ಕೊಳಲು, ಸನಾದಿ ಎರಡೂ ಬಟನ್ನಿಗೆ ಓಗೊಡುತ್ತಿವೆ.

ಮಾಸ್ತರರಿಗೆ ಒಂದು ಸ್ವಾರಸ್ಯದ ಸುದ್ದಿ ಹೇಳಬೇಕು. ಪೇಟಿಯ ಗುಣ ಕೆಡಿಸಬೇಡಿ ಎಂದಿದ್ದರಲ್ಲ, ಅದರ ಗುಣವೇನು ಎಂದು ಹುಡುಕಿದೆ. ಚಾಲೂ ಮಾಡಿದಾಗ ಸುರ ಸರಿಯಾಗಿರುತ್ತದೆ. ಕಾದ ಹಾಗೆಲ್ಲ ಮೆಲ್ಲಗೆ ಕೆಳಗೆ ಇಳಿಯುತ್ತದೆ. ಎಲ್ಲ ಕೀಲಿಗಳೂ ಒಟ್ಟಿಗೇ ಇಳಿಯುವುದರಿಂದ ಒಂದಕ್ಕೊಂದು ಹೊಂದಿಕೊಂಡೇ ಇರುತ್ತವೆ, ನುಡಿಸುತ್ತ ಕೂತವರಿಗೆ ಪತ್ತೆಯೇ ಹತ್ತುವುದಿಲ್ಲ. ನನ್ನ ಕಿವಿಯನ್ನು ನಾನೇ ನಂಬುವುದಿಲ್ಲ, ಮೀಟರಿಗೆ ಹಚ್ಚಿ ನೋಡಿದೆ. ಎರಡು ತಾಸಿನಲ್ಲಿ ಅರ್ಧ ಮನೆ ಇಳಿಯುತ್ತದೆ. ಒಂದು ಕೀಲಿಗೂ ಪಕ್ಕದ ಕೀಲಿಗೂ ನಡುವಿನ ಅರ್ಧ ದಾರಿ!

ಇದರ ಜೊತೆ ಹಾಡಿದ ಆ ಹೆಣ್ಣುಮಗಳು ಯಾರೋ ಪಾಪ, ಆಕೆಗೆ ನನ್ನದೊಂದು ಶರಣು ತಿಳಿಸಿ. ಕಿವಿ ಚುರುಕಿದ್ದವರು ಮಶೀನಿನ ಜೊತೆಗೇ ಇಳಿಯುತ್ತಾರೆ. ಆಗ ಬೆಂಜೋ ಮೇಲೆ, ಇವರಿಬ್ಬರೂ ಕೆಳಗೆ. ಬೈಗುಳ ಯಾರಿಗೆ ಬೀಳುತ್ತಿತ್ತೋ!

ಹೊಸ ಕಾರ್ಡ್ ಆಗಾಗ ತಾನೇ ಸುರ ಅಳೆದು, ಇಳಿದಿದ್ದರೆ ಎತ್ತಿ ಕೂರಿಸಬಲ್ಲದು. ಆದರೆ ಈ ಇಳಿತವೇ ಹಳೆಯ ಮಶೀನಿನ ಸೊಗಸು, ಹಾಗೇ ಬಿಡಿ ಎನ್ನುವ ಕಲಾವಿದರೂ ಇದ್ದಾರೆ. ಬಿಡಲೋ, ತಿದ್ದಲೋ? ಮಾಸ್ತರು ಹೇಳಲಿ.

ಈರಯ್ಯ

ವಿಜಯಪುರ
28 ಜನವರಿ 2025

ಅಕ್ಕನವರಿಗೆ ಶರಣು.

ಸಂಕ್ರಾಂತಿಯೂ ಆಯಿತು, ನಿಮ್ಮ ಉತ್ತರವಿಲ್ಲ. ಮಲಂಗಸಾಬರನ್ನು ಕೇಳಿದರೆ ಇಬ್ಬರೂ ಆರಾಮ ಇದ್ದಾರೆ ಎನ್ನುತ್ತಾರೆ. ಹಾಗಾದರೆ ಸಿಟ್ಟು ನನ್ನ ಮೇಲೆಯೇ. ತೂತು ಕೊರೆದದ್ದು ಮಾಸ್ತರರ ಮನಸ್ಸಿಗೆ ಹತ್ತಿತೇ? ಹಾಗಿದ್ದರೆ ತಗಡು ಹಾಕಿ ಮುಚ್ಚಿಕೊಡುತ್ತೇನೆ, ಕಾರ್ಡಿಗಾಗಿ ತೆಗೆದ ಹಳೆಯ ಬೋರ್ಡು ಇನ್ನೂ ನನ್ನ ಹತ್ತಿರವೇ ಇದೆ. ಅವರ ಪೇಟಿಯಲ್ಲಿ ನಾನು ಕುಂದು ಹುಡುಕಿದೆ ಎಂದು ಬೇಜಾರಾಗಿದ್ದರೆ ಅದಕ್ಕೂ ತಪ್ಪಾಯಿತು. ನನ್ನ ಹೆಂಡತಿ ಕಾವ್ಯಾ ಹೇಳುವಂತೆ ನನ್ನ ಬಾಯಿಗೂ ಒಂದು ನಾಬು ಬೇಕಿತ್ತು.

ಬಿಡಲೋ ತಿದ್ದಲೋ ಎಂಬ ಒಂದು ಮಾತಿಗೆ ಕೆಲಸ ನಿಂತಿದೆ.

ಈರಯ್ಯ

ತಿಕೋಟಾ
9 ಫೆಬ್ರುವರಿ 2025

ಈರಯ್ಯನವರಿಗೆ ಜೈಭೀಮ್.

ಈ ಪತ್ರ ನನ್ನದು. ನಮ್ಮವರಿಗೆ ಗೊತ್ತಿಲ್ಲ. ತೂತಿನ ಮಾತೂ ಇಲ್ಲ, ನಿಮ್ಮ ಮೇಲೆ ಸಿಟ್ಟೂ ಇಲ್ಲ. ನೀವು ಶರಣು ತಿಳಿಸಿದ ಆ ಹೆಣ್ಣುಮಗಳು ನಾನೇ.

ಜನವರಿಯ ನಿಮ್ಮ ಪತ್ರವನ್ನು ಎಂದಿನಂತೆ ಗಟ್ಟಿಯಾಗಿ ಓದತೊಡಗಿದೆ. ಇಳಿಯುತ್ತದೆ ಎಂಬಲ್ಲಿಗೆ ಬಂದಾಗ ಕಣ್ಣು ಮುಂದೆ ಓಡಿತು, ಬಾಯಿ ನಿಂತಿತು. “ಯಾಕ ನಿಂತಿ?” ಎಂದರು. “ಅಕ್ಷರ ತಿಳಿಯಾಕತ್ತಿಲ್ಲ, ಏನೋ ಗೀಚ್ಯಾರ” ಎಂದು ಅಷ್ಟು ಬಿಟ್ಟು ಉಳಿದದ್ದನ್ನು ಓದಿದೆ. ನಿಮ್ಮ ಅಕ್ಷರ ಚೆನ್ನಾಗಿಯೇ ಇದೆ, ಕ್ಷಮಿಸಿ.

ಏಳು ವರ್ಷ ಆ ಪೇಟಿಯ ಪಕ್ಕದಲ್ಲಿ ನಿಂತು ಹಾಡಿದೆ. ಮೊದಲ ನಾಲ್ಕೈದು ಹಾಡು ಎಲ್ಲ ಸರಿ ಇರುತ್ತಿತ್ತು. ಆಮೇಲೆ ನನ್ನ ದನಿ ಬೆಂಜೋಗೆ ಕೂಡದೆ ತುಕಾರಾಮ ನುಡಿಸುವುದು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಊರಿಗೆ ತಿರುಗಿ ಬರುವಾಗ ಟೆಂಪೋದಲ್ಲಿ ನಮ್ಮವರು, “ನೀ ದಣೀತಿ. ದಣದ ಕೂಡಲೆ ಸುರ ಬಿಡ್ತಿ” ಎನ್ನುತ್ತಿದ್ದರು. ಮಶೀನು ನೋಡ್ರಿ ಎಂದು ನಾನೂ ಒಮ್ಮೆ ಹೇಳಿದ್ದುಂಟು. ಮರುದಿನ ಮುಂಜಾನೆ ಮನೆಯಲ್ಲಿ ತುಕಾರಾಮರ ಬೆಂಜೋವನ್ನು ಪೇಟಿಯ ಪಕ್ಕಕ್ಕಿಟ್ಟು ಸುರ ಹೋಲಿಸಿ ನೋಡಿದರು. ಎರಡೂ ಕೂಡಿದವು, ಪೇಟಿ ಸರಿಯಾಗಿತ್ತು, ಅಂದ ಮೇಲೆ ತಪ್ಪಿದವಳು ನಾನೇ. ಒಂದು ಸಲವಲ್ಲ, ಪ್ರತಿ ಕಾರ್ಯಕ್ರಮದ ಮರುದಿನವೂ ನೋಡುತ್ತಿದ್ದರು. ಪ್ರತಿ ಸಲವೂ ಪೇಟಿ ಸರಿ, ನಾನು ತಪ್ಪು. ಮೆಣಸಿನ ಕಷಾಯ ಕುಡಿದೆ. ಬೆಳಗಿನ ಜಾವ ಎದ್ದು, ಬಿಂದಿಗೆಯ ಬಾಯಿಗೆ ಮುಖವಿಟ್ಟು ಸುರ ಹಚ್ಚಿದೆ. ಕಿವಿ ಡಾಕ್ಟರರಿಗೂ ತೋರಿಸಿದೆ. ಕಿವಿ ಚಲೋ ಇವೆ ಎಂದರು. ಯಾರೂ ನಂಬಲಿಲ್ಲ, ನಾನೂ ನಂಬಲಿಲ್ಲ.

1993ರ ಜಯಂತಿ ಬಬಲೇಶ್ವರದಲ್ಲಿ. ಹಾಡಿನ ನಡುವೆ ಇವರು ಪೇಟಿ ನಿಲ್ಲಿಸಿ, ಮೈಕಿನಲ್ಲಿಯೇ, “ಕಿವಿ ಮನ್ಯಾಗ ಇಟ್ಟ ಬಂದಿ ಏನು?” ಎಂದರು. ಮಂದಿ ನಕ್ಕರು. ಮುಂದಿನ ಸಾಲಿನಲ್ಲಿ ನನ್ನ ತವರಿನವರು ಕೂತಿದ್ದರು. ನಾನು ಮೈಕು ಕೆಳಗಿಟ್ಟು ಇಳಿದೆ. ಅವತ್ತಿನಿಂದ ಹಾಡಿಲ್ಲ. ಮರುವರ್ಷ ಮೇಘಾ ಹುಟ್ಟಿದಳು. ಪಕ್ಕದ ಮನೆಯ ಕಾಳವ್ವ ಬಂದು ಜೋಗುಳ ಹಾಡುತ್ತಿದ್ದಳು, ನಾನು ತೊಟ್ಟಿಲು ತೂಗುತ್ತಿದ್ದೆ. ಅಂಗನವಾಡಿಯಲ್ಲಿ ಮಕ್ಕಳ ಪದಗಳನ್ನು ಸಹಾಯಕಿಯಿಂದ ಹಾಡಿಸುತ್ತಿದ್ದೆ, ನಾನು ಕೈ ಅಭಿನಯ ಮಾತ್ರ ಮಾಡುತ್ತಿದ್ದೆ.

ನಿಮ್ಮ ಪತ್ರ ಓದಿ ಸಂತೋಷವಾಗಬೇಕಿತ್ತು. ಸಿಟ್ಟು ಬಂತು. ಒಂದು ತಿಂಗಳು ಮನೆಯಲ್ಲಿ ಪಾತ್ರೆ ಸಪ್ಪಳ ಮಾಡಿಕೊಂಡು ಓಡಾಡಿದೆ. ಇವರು ಏನಾತು ಎಂದು ಕೇಳಿದರೆ ಏನಿಲ್ಲ ಎಂದೆ.

ನನಗೆ ಒಂದು ಮಾತು ನಿಜ ಹೇಳಿ. ಪೇಟಿ ಈಗ ಮುದಿಯಾಗಿ ಹೀಗಾಗಿದೆಯೋ, ಆಗಲೂ ಹೀಗೇ ಇತ್ತೋ? ನನಗೆ ಸಮಾಧಾನವಾಗಲಿ ಎಂದು ಹೇಳಬೇಡಿ. ಕಣ್ಣು ಹೋದ ಮೇಲೆ ನಮ್ಮವರಿಗೆ ತಮ್ಮ ಕಿವಿಯದೊಂದೇ ಹೆಮ್ಮೆ ಉಳಿದಿದೆ. ಇದನ್ನು ಹೇಳಿದರೆ ಜಯಂತಿಗೆ ಪೇಟಿ ಮುಟ್ಟುತ್ತಾರೋ ಇಲ್ಲವೋ. ಹೇಳದಿದ್ದರೆ ನಾನು ಬೇಸುರಿ ಎನ್ನಿಸಿಕೊಂಡೇ ಸಾಯಬೇಕು.

ಸತ್ಯವ್ವ

ವಿಜಯಪುರ
17 ಫೆಬ್ರುವರಿ 2025

ಅಕ್ಕನವರಿಗೆ ಶರಣು.

ನಿಮ್ಮ ಪತ್ರವನ್ನು ಅಂಗಡಿಯ ಕದ ಮುಂದೆ ಮಾಡಿಕೊಂಡು ಓದಿದೆ. ನಗೆಯಾಡಿ ಬರೆದಿದ್ದೆ, ಅದು ಯಾರಿಗೆ ಹೋಗಿ ತಾಗುತ್ತದೆಂದು ತಿಳಿಯದೆ. ನನಗೆ ಬಹಳ ಕೆಟ್ಟದೆನಿಸಿದೆ.

ನೀವು ಕೇಳಿದ್ದಕ್ಕೆ ಉತ್ತರ. 1993ರಲ್ಲಿ ಬಬಲೇಶ್ವರದಲ್ಲಿ ಎಷ್ಟು ಇಳಿದಿತ್ತು ಎಂದು ನಾನು ಹೇಳಲಾರೆ, ನಾನು ಅಲ್ಲಿರಲಿಲ್ಲ. ಆದರೆ ಇಳಿದಿತ್ತು ಎನ್ನಬಲ್ಲೆ. ಮಶೀನು ಕಾದಾಗ ಸುರವನ್ನು ಹಿಡಿದು ನಿಲ್ಲಿಸಲು ಒಂದು ಸಣ್ಣ ಬಿಡಿಭಾಗ ಬೇಕು. ಈ ಅಗ್ಗದ ಮಾದರಿಯಲ್ಲಿ ಅದಕ್ಕೆ ಜಾಗ ಬಿಟ್ಟಿದ್ದಾರೆ, ಭಾಗ ಹಾಕಿಲ್ಲ. ಆ ಜಾಗಕ್ಕೆ ಬೆಸುಗೆ ತಾಗಿದ ಗುರುತೇ ಇಲ್ಲ. ಅಂದರೆ ಬಿದ್ದುಹೋದದ್ದಲ್ಲ, ಹುಟ್ಟಿನಿಂದಲೇ ಇಲ್ಲ. ನಿಮ್ಮ ಪಾರ್ಟಿಯವರು ಪೇಟಿಯನ್ನು ಆಂಪ್ಲಿಫೈಯರಿನ ಮೇಲೆ ಇಟ್ಟು ನುಡಿಸುತ್ತಿದ್ದಿರಬೇಕು, ತಳದಲ್ಲಿ ಅದರ ಜಾಲರಿಯ ಗುರುತು ಮೂಡಿದೆ. ಕೆಳಗೆ ಆಂಪ್ಲಿಫೈಯರಿನ ಕಾವು, ಮೇಲೆ ದೀಪದ ಕಾವು, ಏಪ್ರಿಲ್ ತಿಂಗಳ ಸೆಕೆ. ಮರುದಿನ ಮುಂಜಾನೆ ಅದು ತಣ್ಣಗಾಗಿ ಸರಿಹೋಗಿರುತ್ತಿತ್ತು. ಜ್ವರ ಬಿಟ್ಟ ಮೇಲೆ ಡಾಕ್ಟರ ಕಡೆ ಕರೆದೊಯ್ದ ಹಾಗಾಯಿತು. ಪರೀಕ್ಷೆ ಮಾಡಿದ್ದು ಸುಳ್ಳಲ್ಲ, ಮಾಡಿದ ಹೊತ್ತು ತಪ್ಪು.

ನಿಮ್ಮ ಕಿವಿ ಸರಿ ಇದ್ದವು, ಅಕ್ಕ.

ಹೇಳಬೇಕೋ ಬಿಡಬೇಕೋ ಎಂಬುದಕ್ಕೆ ನನ್ನಲ್ಲಿ ಮೀಟರಿಲ್ಲ. ಹೇಳಿ ಎಂದೇ ನನ್ನ ಮನಸ್ಸು. ಆದರೆ ಅವರ ಜೊತೆ ಆ ಮನೆಯಲ್ಲಿ ಇರುವವರು ನೀವು. ಮಾಸ್ತರರಿಗೆಂದು ಬೇರೆ ಹಾಳೆಯಲ್ಲಿ ಕೊಳಲು ಸನಾದಿಯ ಸುದ್ದಿಯಷ್ಟೇ ಬರೆದಿದ್ದೇನೆ. ಬೇಕಾದರೆ ಅದನ್ನೇ ಓದಿ.

ಈರಯ್ಯ

ತಿಕೋಟಾ
5 ಮಾರ್ಚ್ 2025

ಈರಯ್ಯನವರಿಗೆ ಜೈಭೀಮ್.

ಎರಡು ವಾರ ನಿಮ್ಮ ಬೇರೆ ಹಾಳೆಯಿಂದಲೇ ಕಾಲ ಹಾಕಿದೆ. ಮೊನ್ನೆ ಮಧ್ಯಾಹ್ನ ಊಟ ಮಾಡುತ್ತ ಅವರು ಊರಿನ ಹುಡುಗರಿಗೆ, “ಹಾಡೂ ಹುಡುಗೀನ ನೋಡಿ ಆರಿಸ್ರಿ, ನಮ್ಮ ಕಾಲದಾಗ ಹಾಡೂವಾಕಿ ಮಶೀನ್ ಗೂಡ ನಿಲ್ಲಲಿಲ್ಲ” ಎಂದರು. ನಾನು ಅಲ್ಲೇ ರೊಟ್ಟಿ ನೀಡುತ್ತಿದ್ದೆ. ಹುಡುಗರು ಹೋದ ಮೇಲೆ, ಸುರ ಇಳಿಯುವ ಸುದ್ದಿಯ ನಿಮ್ಮ ಜನವರಿಯ ಪತ್ರ, ಫೆಬ್ರುವರಿಯ ಪತ್ರ ಎರಡನ್ನೂ ತಂದು ಒಂದಕ್ಷರ ಬಿಡದೆ ಓದಿದೆ.

“ಇನ್ನೊಮ್ಮೆ ಓದು” ಎಂದರು. ಓದಿದೆ.

“ಆ ರಿಪೇರಿಯಾಂವಗ ಕಿವೀನ ಇಲ್ಲ. ಅಂವ ನನಗ ಸುರಾ ಹೇಳ್ತಾನ?”

“ಅವರು ಮೀಟರ್‌ನ್ಯಾಗ ನೋಡ್ಯಾರ್ರಿ.”

“ಮುಂಜಾನಿ ನಾ ನೋಡಿಲ್ಲೇನು? ನೀನೂ ಅಲ್ಲೇ ಇದ್ದಿ.”

“ಇದ್ದೆ. ಮುಂಜಾನಿ ಪೇಟಿ ತಣ್ಣಗಿತ್ತು” ಎಂದೆ. ಇಷ್ಟು ವರ್ಷದಲ್ಲಿ ಅವರಿಗೆ ಎದುರು ಮಾತು ಆಡಿದ್ದು ಅದೇ ಮೊದಲೇನಲ್ಲ. ಆದರೆ ಸುರದ ವಿಷಯದಲ್ಲಿ, ಹಿಂದೆ ಆ ಒಂದು ಸಲ ಬಿಟ್ಟರೆ, ಇದೇ ಮೊದಲು.

ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಬಬಲೇಶ್ವರದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮೇಘಾಳಿಗೆ ಫೋನು ಹಚ್ಚಿಸಿ, ರವಿವಾರ ನನ್ನನ್ನು ವಿಜಯಪುರಕ್ಕೆ ಕರಕೊಂಡು ಹೋಗು ಎಂದಿದ್ದಾರೆ. ನಿಮ್ಮನ್ನು ಸುಳ್ಳುಮಾಡಲು ಬರುತ್ತಿದ್ದಾರೆ. ಸುಳ್ಳೇ ಆದರೆ ಅದನ್ನೂ ನನಗೆ ಬರೆಯಿರಿ. ಅವರಿಗೆ ನೋಯುವಂಥದ್ದು ಏನೂ ಅನ್ನಬೇಡಿ.

ಸತ್ಯವ್ವ

ವಿಜಯಪುರ
11 ಮಾರ್ಚ್ 2025

ಅಕ್ಕನವರಿಗೆ ಶರಣು.

ಮನೆಗೆ ಬಂದ ಮೇಲೆ ಮಾಸ್ತರು ಏನು ಹೇಳಿದರೋ ಏನು ಬಿಟ್ಟರೋ ನನಗೆ ಗೊತ್ತಿಲ್ಲ. ಇಲ್ಲಿ ನಡೆದದ್ದನ್ನು ಬರೆಯುತ್ತೇನೆ.

ಒಳಗೆ ಬಂದವರೇ ಪೇಟಿ ಎಲ್ಲಿ ಎಂದರು. ಕೈಯಾಡಿಸಿ ಬೆಸುಗೆಯ ಹನಿಗಳನ್ನು ಮುಟ್ಟಿ ನೋಡಿದರು. “ನಿಮ್ಮ ಕಾರ್ಡ್ ತಗೀರಿ. ನಂದ ಹೆಂಗಿತ್ತೋ ಹಂಗ ಹಚ್ಚರಿ” ಎಂದರು. ಹಳೆಯ ಬೋರ್ಡು ಹಚ್ಚಿದೆ. ಅವರು ಹೇಳಿದಂತೆಯೇ ಆಂಪ್ಲಿಫೈಯರಿನ ಮೇಲೆ ಇಟ್ಟೆ, ಪಕ್ಕಕ್ಕೆ ದೀಪ ಇಟ್ಟೆ. ಪಕ್ಕದ ಅಂಗಡಿಯ ರಿಜ್ವಾನನ ಹತ್ತಿರ ಶ್ರುತಿಪೆಟ್ಟಿಗೆ ಇತ್ತು. ಪೇಟಿಯನ್ನು ಅದಕ್ಕೆ ಸರಿಮಾಡಿಕೊಂಡು, ಶ್ರುತಿಪೆಟ್ಟಿಗೆ ಬಂದ್ ಮಾಡಿ ನುಡಿಸಲು ಕೂತರು. ಅಂಗಡಿಗೆ ಬಂದವರೆಲ್ಲ ನಿಂತು ಕೇಳಿದರು. ನನಗೆ ಅಷ್ಟಿಷ್ಟು ಕೇಳಿತು, ಚೆನ್ನಾಗಿತ್ತು.

ಮೊದಲು ಶ್ರುತಿಪೆಟ್ಟಿಗೆ ಚಾಲೂ ಮಾಡಿಸಿದಾಗ ಎರಡೂ ಕೂಡಿಯೇ ಇದ್ದವು. “ನೋಡ್ರಿ” ಎಂದು ನಕ್ಕರು. ಮತ್ತೆ ನುಡಿಸಿದರು. ಚಹಾ ತರಿಸಿದೆ, ಅದು ಆರಿತು, ಅವರು ಕುಡಿಯಲಿಲ್ಲ. ಮೀಟರಿನ ಅಂಕಿ ಇಳಿಯುತ್ತಿರುವುದು ನನಗೆ ಕಾಣುತ್ತಿತ್ತು. ಕೊನೆಗೆ ಇನ್ನೊಮ್ಮೆ ಶ್ರುತಿಪೆಟ್ಟಿಗೆ ಹಚ್ಚಿಸಿದರು. ಒಂದು ಕೀಲಿ ಒತ್ತಿ ಹಿಡಿದರು. ಹಿಡಿದೇ ಇದ್ದರು. ನಾನು ಹೇಳುವ ಮೊದಲೇ “ಅರ್ಧ ಮನಿ” ಎಂದರು.

ಆಮೇಲೆ ನನ್ನ ಕಡೆ ಬಾಗಿ ಏನೋ ಮೆಲ್ಲಗೆ ಹೇಳಿದರು. ಅದು ನನ್ನ ಕೆಟ್ಟ ಕಿವಿಯ ಕಡೆ. “ಏನಂದ್ರಿ?” ಎಂದೆ. ಇನ್ನೊಮ್ಮೆ ಹೇಳಿದರು, ಕೇಳಲಿಲ್ಲ. ನನ್ನ ಹಣೆಬರಹ, ಮತ್ತೆ ಏನಂದ್ರಿ ಎಂದೆ. ಆಗ ಅವರು ಅಂಗಡಿ ತುಂಬ ಕೇಳುವಂತೆ, “ಆಕಿ ನನ್ನ ಬಿಟ್ಟ ಎಲ್ಲೂ ಹೋಗಿದ್ದಿಲ್ಲ. ನನ್ನ ಗೂಡನ ಇದ್ಳು” ಎಂದರು. ಮಂದಿಗೆ ಅರ್ಥವಾಗಲಿಲ್ಲ. ಮೇಘಾ ಎದ್ದು ಹೊರಗೆ ಹೋಗಿ ನಿಂತಳು.

ಬಿಡಲೋ ತಿದ್ದಲೋ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಜಯಂತಿಗೆ ಇನ್ನು ಒಂದು ತಿಂಗಳಿದೆ. ನೀವೇ ತಿಳಿಸಿ.

ಈರಯ್ಯ

ತಿಕೋಟಾ
24 ಮಾರ್ಚ್ 2025

ಈರಯ್ಯನವರಿಗೆ ಜೈಭೀಮ್.

ಮನೆಗೆ ಬಂದು ಅವರು ಏನೂ ಹೇಳಿರಲಿಲ್ಲ. ನಿಮ್ಮ ಪತ್ರವನ್ನು ನಾನೊಬ್ಬಳೇ ಓದಿ ಅತ್ತೆ. ತಪ್ಪಾಯಿತು ಎಂದು ಅವರು ಅಂದಿಲ್ಲ. ಅನ್ನುವ ಗಂಡಸೂ ಅಲ್ಲ, ಅದನ್ನು ನಾನು ಬಲ್ಲೆ. ಮೂವತ್ತೆರಡು ವರ್ಷ ಯಾರು ತಿರುಗಿ ಕೊಡುತ್ತಾರೆ? ನನ್ನ ಸಿಟ್ಟು ಪೂರ್ತಿ ಹೋಗಿಲ್ಲ ಎಂಬುದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ.

ಆದರೆ ನಿನ್ನೆ ಒಂದು ಸಂಗತಿ ನಡೆಯಿತು. ಹುಡುಗರ ಹತ್ತಿರ ಹಾರ್ಮೋನಿಯಂ ತರಿಸಿ ಇಟ್ಟುಕೊಂಡು ಕೂತಿದ್ದರು. ನಾನು ಜೋಳ ಹಸನು ಮಾಡುತ್ತಿದ್ದೆ. “ಜಯಂತಿಗೆ ನೀ ಹಾಡ್ತಿ” ಎಂದರು.

“ನನ್ನ ಕಡೆ ಆಗೂದಿಲ್ರಿ. ದನೀನ ಹೋಗೇತಿ.”

“ಎಷ್ಟ ಉಳದೈತೋ ಅಷ್ಟ ಹಾಡು.”

ನಾನು ಜೋಳ ಕೇರುವ ಮರ ಬದಿಗಿಟ್ಟೆ. ಆಗ ಅವರು, “ಎಷ್ಟಕ್ಕ ಹಚ್ಚಲಿ?” ಎಂದರು. ಮದುವೆಯಾಗಿ ನಾಲ್ವತ್ತು ವರ್ಷ. ಸುರ ಯಾವಾಗಲೂ ಅವರೇ ಇಡುತ್ತಿದ್ದರು. ಎಷ್ಟಕ್ಕೆ ಹಚ್ಚಲಿ ಎಂದು ನನ್ನನ್ನು ಎಂದೂ ಕೇಳಿದವರಲ್ಲ.

ನನಗೂ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ, ಬಂದಷ್ಟು ಬರಲಿ ಎಂದು ಸಾ ಹಿಡಿದೆ. ದನಿ ಒಡೆಯಿತು, ಅಡುಗೆಮನೆಯಲ್ಲಿದ್ದ ಮೇಘಾ ಬಾಗಿಲಿಗೆ ಬಂದು ನಿಂತಳು. ನಾನು ಹಾಡುವುದನ್ನು ಅವಳು ಕೇಳಿದ್ದು ಅದೇ ಮೊದಲು. ನಿಲ್ಲಿಸಿಬಿಡುತ್ತಿದ್ದೆ, ಆದರೆ ನಮ್ಮವರು ಒಂದೊಂದೇ ಮನೆ ಒತ್ತುತ್ತ ನನ್ನ ದನಿ ಹುಡುಕುತ್ತಿದ್ದರು. ಅದು ಸಿಗುವವರೆಗೆ ಬಿಡುವುದು ಸರಿಯಲ್ಲ ಎನ್ನಿಸಿ ಉಸಿರು ಹಿಡಿದುಕೊಂಡೆ.

ಬಿಳಿ ನಾಲ್ಕರಲ್ಲಿ, ಅಂದರೆ ನಾಲ್ಕನೆಯ ಬಿಳಿ ಕೀಲಿಯಲ್ಲಿ ಸಿಕ್ಕಿತು. ಮೊದಲಿಗಿಂತ ಮೂರು ಮನೆ ಕೆಳಗೆ. ಪೇಟಿಯನ್ನು ತಿದ್ದಿ, ಈರಯ್ಯನವರೇ. ಎಷ್ಟು ಕಾದರೂ ಆ ಬಿಳಿ ನಾಲ್ಕು ಬಿಟ್ಟು ಕದಲದ ಹಾಗೆ ಮಾಡಿ ಕಳುಹಿಸಿ.

ಸತ್ಯವ್ವ